ಹದಗೊಂಡದ್ದೆಲ್ಲ ಬದಲಾದದ್ದೇ?

ನಮ್ಮ ಖಾಲಾ, ಅಂದರೆ ಅಮ್ಮನ ತಂಗಿ, 2011ರಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಆಗ ಅವರಿಗೆ ಅರವತ್ತಾರು ವರ್ಷ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಸುಜೂದಿನಿಂದ ಏಳುವಾಗ ಕಣ್ಣಿಗೆ ಕತ್ತಲೆ. ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಬಾಗಿಲಲ್ಲಿ ಮೂರು ತೆಳು ಎಸಳುಗಳ ಒಂದು ಕವಾಟವಿದೆ. ಅವರದ್ದು ಸುಣ್ಣಗಟ್ಟಿ ಕಲ್ಲಿನಂತಾಗಿತ್ತು. ಅದನ್ನು ತೆಗೆದು ಬೇರೆಯದನ್ನು ಹಾಕಬೇಕು ಎಂದರು. ಲೋಹದ ಕವಾಟ ಹಾಕಿದರೆ ಬದುಕಿರುವವರೆಗೂ ರಕ್ತ ತೆಳುವಾಗಿಸುವ ಗುಳಿಗೆ ನುಂಗಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಲೇ ಇರಬೇಕು. ಖಾಲಾಗೆ ಹಿಂದೊಮ್ಮೆ ಹೊಟ್ಟೆಯ ಹುಣ್ಣಿನಿಂದ ರಕ್ತ ಹೋಗಿತ್ತು. ಆದ್ದರಿಂದ 'ಟಿಶ್ಯೂ ವಾಲ್ವ್' ವಾಸಿ ಎಂದರು ಡಾಕ್ಟರು. ನಾವು ಮನೆಯವರೆಲ್ಲ ತಲೆಯಾಡಿಸಿದೆವು. ಟಿಶ್ಯೂ ಎಂದರೆ ಯಾವುದರ ಟಿಶ್ಯೂ ಎಂದು ನಾವು ಕೇಳಲಿಲ್ಲ. ಅವರೂ ಹೇಳಲಿಲ್ಲ. ಇಂಗ್ಲಿಷಿನಲ್ಲಿದ್ದ ನಾಲ್ಕು ಪುಟಗಳ ಕೆಳಗೆ ಖಾಲಾ ಉರ್ದುವಿನಲ್ಲಿ ಸಹಿ ಮಾಡಿದರು.

ಮೂರು ವರ್ಷ ಚೆನ್ನಾಗಿಯೇ ಕಳೆಯಿತು. 2014ರ ಒಂದು ಸಂಜೆ ಅವರ ಮೊಮ್ಮಗ ಕಡತದಲ್ಲಿದ್ದ ಚೀಟಿಗಳನ್ನು ಜೋಡಿಸುತ್ತ ಒಂದರ ಮೇಲಿದ್ದ 'ಪೋರ್ಸೈನ್' ಎಂಬ ಪದದ ಅರ್ಥವನ್ನು ನಿಘಂಟಿನಲ್ಲಿ ಹುಡುಕಿದ. ಹುಡುಗ, ಮುಚ್ಚಿಡುವುದು ತಿಳಿಯದು. ಗಟ್ಟಿಯಾಗಿ ಓದಿಬಿಟ್ಟ.

ಖಾಲಾ ಅಳಲಿಲ್ಲ, ಕೂಗಾಡಲಿಲ್ಲ. ಆ ದಿನ ಮಗ್ರಿಬ್‌ಗೆ ಜಾನಮಾಝ್ ಹಾಸಿ, ಅದರ ಅಂಚಿನಲ್ಲಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರಂತೆ. ಮರುದಿನ ಮೌಲವಿ ಸಾಹೇಬರನ್ನು ಕರೆಸಿ ಕೇಳಿದರು. ಅವರು, ತಿಳಿಯದೆ ಆದದ್ದು, ಜೀವ ಉಳಿಸಲು ಆದದ್ದು, ನಿಮ್ಮ ಮೇಲೆ ಗುನಾಹ್ ಇಲ್ಲ, ನಮಾಝ್ ಬಿಡಬೇಡಿ ಎಂದರು. ಮುಂದಿನ ತಿಂಗಳು ತೋರಿಸಲು ಹೋದಾಗ ಡಾಕ್ಟರು ನಗುತ್ತ, "ಅಮ್ಮಾ, ಅದಕ್ಕೆ ಕೆಮಿಕಲ್ ಹಾಕಿ ಪೂರ್ತಿ ಬದಲಾಯಿಸಿರ್ತಾರೆ. ಈಗ ಅದು ಹಂದಿ ಅಲ್ಲವೇ ಅಲ್ಲ" ಎಂದರು. ಆಮೇಲೆ ಖಾಲಾ ನಮಗೆ ಫೋನು ಮಾಡಿದರು.

"ಬೇಟಾ, ನೀನು ಉರ್ದೂನೂ ಓದಿದ್ದೀಯ, ಕನ್ನಡಾನೂ ಓದಿದ್ದೀಯ. ಮೌಲವಿ ಸಾಹೇಬರು ಗುನಾಹ್ ಇಲ್ಲ ಅಂದರು. ಡಾಕ್ಟರು ಅದು ಅದೇ ಅಲ್ಲ ಅಂದರು. ಅದು ಅದೇ ಅಲ್ಲದಿದ್ದರೆ ಗುನಾಹ್ ಮಾತೇ ಯಾಕೆ ಬರಬೇಕು? ಗುನಾಹ್ ಉಂಟೋ ಇಲ್ಲವೋ ಅಂತ ನಾನು ಕೇಳಲಿಲ್ಲ. ಅದು ಇನ್ನೂ ಅದೇನಾ, ಅಲ್ಲವಾ? ಅಷ್ಟು ಹೇಳು."

"ಬದಲಾಗಿದೆ ಖಾಲಾ, ಪೂರ್ತಿ ಬದಲಾಗಿದೆ" ಎಂದುಬಿಟ್ಟೆವು. ಆ ಗಳಿಗೆಯಲ್ಲಿ ನಮಗೆ ಅದರ ಬಗ್ಗೆ ಏನೇನೂ ಗೊತ್ತಿರಲಿಲ್ಲ. ಗೊತ್ತಿಲ್ಲದ ವಿಷಯಕ್ಕೆ ಅಷ್ಟು ಖಚಿತವಾಗಿ ಉತ್ತರ ಕೊಟ್ಟದ್ದು ಆಮೇಲೆ ಮನಸ್ಸನ್ನು ಕೊರೆಯತೊಡಗಿತು. ಆದ್ದರಿಂದ ಓದಲು, ವಿಚಾರಿಸಲು ಶುರು ಮಾಡಿದೆವು. ಹಾಗೆ ತಿಳಿದದ್ದನ್ನು ಓದುಗರ ಮುಂದಿಡುತ್ತಿದ್ದೇವೆ. ಇದು ಒಬ್ಬ ಖಾಲಾಳ ಪ್ರಶ್ನೆ ಮಾತ್ರವಲ್ಲ. ಒಂದು ವಸ್ತು ಯಾವಾಗ ತಾನಾಗಿರುವುದನ್ನು ಬಿಡುತ್ತದೆ? ಅದನ್ನು ಅಳೆಯಬಹುದೆ? ಅಳೆದವರು ಹೇಳಿದ್ದನ್ನು ನಾವು ಸಮಾಧಾನಕ್ಕಾಗಿ ಹಿಗ್ಗಿಸಬಹುದೆ?

ಪ್ರಾಣಿಯ ಕವಾಟವನ್ನು ಮನುಷ್ಯನಿಗೆ ಹಾಕುವ ಕೆಲಸ ಶುರುವಾದದ್ದು 1965ರಲ್ಲಿ, ಪ್ಯಾರಿಸ್‌ನಲ್ಲಿ. ಅದನ್ನು ಮಾಡಿದ ತಂಡದಲ್ಲಿ ಅಲೆನ್ ಕಾರ್ಪೆಂಟಿಯರ್ ಎಂಬ ಯುವ ಶಸ್ತ್ರವೈದ್ಯರಿದ್ದರು. ಹಂದಿಯ ಕವಾಟ ಆಕಾರದಲ್ಲೂ ಅಳತೆಯಲ್ಲೂ ನಮ್ಮದಕ್ಕೆ ತೀರ ಹತ್ತಿರ. ಮೊದಲು ಚೆನ್ನಾಗಿ ಕೆಲಸ ಮಾಡಿದವು, ಕೆಲವು ವರ್ಷಗಳಲ್ಲಿ ಕೆಟ್ಟವು. ಮನುಷ್ಯನ ಮೈ ಅವುಗಳನ್ನು ಪರಕೀಯವೆಂದು ಗುರುತಿಸಿ ನಿಧಾನವಾಗಿ ಕರಗಿಸಿ ಹಾಕುತ್ತಿತ್ತು. ಕಾರ್ಪೆಂಟಿಯರ್ ಇದು ಕತ್ತರಿ ಹೊಲಿಗೆಯ ಸಮಸ್ಯೆಯಲ್ಲ, ರಸಾಯನಶಾಸ್ತ್ರದ ಸಮಸ್ಯೆ ಎಂದು ಅರಿತು, ಶಸ್ತ್ರವೈದ್ಯರಾಗಿದ್ದುಕೊಂಡೇ ಮತ್ತೆ ರಸಾಯನಶಾಸ್ತ್ರ ಓದಿದರು. 1968ರ ಹೊತ್ತಿಗೆ ಅವರು ಹಿಡಿದ ದಾರಿ ಗ್ಲುಟರಾಲ್ಡಿಹೈಡ್ ಎಂಬ ದ್ರಾವಣದ್ದು. ಈ ಕೆಲಸಕ್ಕಾಗಿ 2007ರಲ್ಲಿ ಅವರಿಗೆ ಅಮೆರಿಕದ ಲಾಸ್ಕರ್ ಪ್ರಶಸ್ತಿ ಬಂತು. ಜೊತೆಯಲ್ಲಿ ಅದನ್ನು ಪಡೆದವರು 1960ರಲ್ಲಿ ಯಶಸ್ವಿ ಕೃತಕ ಕವಾಟ ತಂದ ಆಲ್ಬರ್ಟ್ ಸ್ಟಾರ್.

ಗ್ಲುಟರಾಲ್ಡಿಹೈಡ್ ಮಾಡುವುದೇನು? ಕವಾಟದ ಎಸಳು ಮುಖ್ಯವಾಗಿ ಕೊಲಾಜನ್ ಎಂಬ ಸಸಾರಜನಕದ ನಾರುಗಳಿಂದ ಆದದ್ದು. ನಮ್ಮ ಚರ್ಮ, ಸ್ನಾಯುರಜ್ಜು, ಎಲುಬಿನಲ್ಲೂ ಇರುವುದು ಅದೇ. ಆ ನಾರುಗಳ ಉದ್ದಕ್ಕೂ ಅಲ್ಲಲ್ಲಿ ಅಮೈನ್ ಎಂಬ ಸಣ್ಣ ಕೊಂಡಿಗಳಿರುತ್ತವೆ. ಗ್ಲುಟರಾಲ್ಡಿಹೈಡ್ ಕಣಕ್ಕೆ ಎರಡು ತುದಿ, ಎರಡೂ ತುದಿಯಲ್ಲಿ ಹಿಡಿಯುವ ಕೈ. ಒಂದು ಕೈ ಈ ನಾರನ್ನು, ಇನ್ನೊಂದು ಕೈ ಪಕ್ಕದ ನಾರನ್ನು ಹಿಡಿದುಕೊಳ್ಳುತ್ತದೆ. ಹೀಗೆ ಲೆಕ್ಕವಿಲ್ಲದಷ್ಟು ಹೆಣಿಗೆ ಬಿದ್ದಾಗ ಅಂಗಾಂಶ ಕೊಳೆಯುವುದಿಲ್ಲ, ಮೈಯೊಳಗಿನ ಕಿಣ್ವಗಳು ಅದನ್ನು ಸುಲಭವಾಗಿ ಜೀರ್ಣಿಸಲಾರವು. ಒಳಗಿದ್ದ ಜೀವಕೋಶಗಳು ಸಾಯುತ್ತವೆ. ಉಳಿಯುವುದು ಗಟ್ಟಿಗೊಂಡ ಚೌಕಟ್ಟು.

ಇದನ್ನು ಓದುವಾಗ ನಮಗೆ ಹೊಳೆದದ್ದು, ಇದಕ್ಕೆ ಕನ್ನಡದಲ್ಲಿ ಹಳೆಯ ಪದವೊಂದಿದೆ: ಹದ ಮಾಡುವುದು. ತಂಗಡಿ ತೊಗಟೆಯ, ಅಳಲೆಕಾಯಿಯ ನೀರಿನಲ್ಲಿ ತೊಗಲು ನೆನೆಹಾಕಿ ನಮ್ಮ ಊರುಗಳ ಸಮಗಾರರು, ಮಾದಿಗರು ತಲೆಮಾರುಗಳಿಂದ ಮಾಡಿಕೊಂಡು ಬಂದ ಕೆಲಸವೇ ಇದು. ಹೆಣಿಗೆ ಹಾಕುವ ವಸ್ತು ಬೇರೆ, ತತ್ವ ಒಂದೇ. ಗ್ಲುಟರಾಲ್ಡಿಹೈಡನ್ನು ಚರ್ಮದ ಕಾರ್ಖಾನೆಗಳಲ್ಲೂ ಬಳಸುತ್ತಾರೆ. ಹಾಗಾಗಿ ಪ್ಯಾರಿಸ್‌ನ ವೈದ್ಯ ಮಾಡಿದ್ದನ್ನು ಸರಳವಾಗಿ ಹೇಳುವುದಾದರೆ, ಅವರು ಹೃದಯದ ಕವಾಟವನ್ನು ಚರ್ಮ ಹದ ಮಾಡಿದಂತೆ ಹದ ಮಾಡಿದರು.

ಹದ ಎಂಬ ಮಾತಿನಲ್ಲೇ ಅಳತೆ ಅಡಗಿದೆ. ಮಣ್ಣಿನ ಹದ, ಕಬ್ಬಿಣದ ಹದ, ಬೆಲ್ಲದ ಪಾಕದ ಹದ. ಕಡಿಮೆಯಾದರೂ ಕೆಟ್ಟಿತು, ಹೆಚ್ಚಾದರೂ ಕೆಟ್ಟಿತು. ಕವಾಟದ ವಿಷಯದಲ್ಲೂ ಹಾಗೆಯೇ. ದ್ರಾವಣ ಸಾಕಷ್ಟು ಹಿಡಿಯದಿದ್ದರೆ ಎಸಳು ಕೆಲವೇ ವರ್ಷಗಳಲ್ಲಿ ಹರಿದುಹೋಗುತ್ತದೆ. ಅತಿಯಾದರೆ ಬಿರುಸಾಗುತ್ತದೆ. ಹಿಡಿಯದೆ ಒಳಗೆ ಉಳಿದುಕೊಂಡ ಆಲ್ಡಿಹೈಡ್ ಸುತ್ತಲ ಜೀವಕೋಶಗಳಿಗೆ ವಿಷ, ಮೇಲಾಗಿ ಸುಣ್ಣವನ್ನು ಸೆಳೆದು ಎಸಳನ್ನು ಕಲ್ಲಾಗಿಸುವ ಕಾರಣಗಳಲ್ಲಿ ಒಂದು. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ, ವರ್ಷಕ್ಕೆ ಮೂರೂವರೆ ಕೋಟಿಗೂ ಹೆಚ್ಚು. ಅಷ್ಟು ಸಲ ತೆರೆದು ಮುಚ್ಚುವ ಎಸಳು ಹತ್ತು ಹದಿನೈದು ವರ್ಷ ಬಾಳಬೇಕೆಂದರೆ ಹದ ಕಣ್ಣಂದಾಜಿನದಾದರೆ ಸಾಲದು. ಅದಕ್ಕೇ ಅಳೆಯುತ್ತಾರೆ.

ಅಳೆಯುವ ಬಗೆ ನೋಡಿದರೆ ನಮ್ಮ ಅಡುಗೆಮನೆಯ ಬುದ್ಧಿಗೂ ನಿಲುಕುವಂಥದ್ದೇ. ಅಂಗಾಂಶವನ್ನು ನೂರಕ್ಕೆ 0.2ರಿಂದ 0.6ರ ಆಸುಪಾಸಿನ ತೆಳು ದ್ರಾವಣದಲ್ಲಿ ನೆನೆಹಾಕುತ್ತಾರೆ. ಮೊದಲು ದ್ರಾವಣದಲ್ಲಿ ಎಷ್ಟಿತ್ತು, ಆಮೇಲೆ ಎಷ್ಟು ಉಳಿಯಿತು ನೋಡಿದರೆ ಕಡಿಮೆಯಾದಷ್ಟು ಅಂಗಾಂಶಕ್ಕೆ ಹೋಗಿದೆ ಎಂದು ಲೆಕ್ಕ. ಆದರೆ ಇಲ್ಲೇ ಮೊದಲ ಮೋಸವಿದೆ. ಗ್ಲುಟರಾಲ್ಡಿಹೈಡ್ ತನ್ನಷ್ಟಕ್ಕೆ ತಾನೇ ಒಂದಕ್ಕೊಂದು ಅಂಟಿ ಕಡಿಮೆಯಾಗುತ್ತದೆ. ಆದ್ದರಿಂದ ಅಂಗಾಂಶ ಹಾಕದ ಇನ್ನೊಂದು ಪಾತ್ರೆಯನ್ನೂ ಜೊತೆಗಿಟ್ಟು ಅದರಲ್ಲಿ ತಾನಾಗಿ ಕಡಿಮೆಯಾದದ್ದನ್ನು ಕಳೆಯಬೇಕು. ಎರಡನೆಯದು, ಒಳಗೆ ಹೋದದ್ದೆಲ್ಲ ಹೆಣಿಗೆಯಾಗಿಲ್ಲ. ಒಂದಿಷ್ಟು ಸ್ಪಂಜಿನಲ್ಲಿ ನೀರು ನಿಂತಂತೆ ಸುಮ್ಮನೆ ನಿಂತಿರುತ್ತದೆ. ತೊಳೆದು ತೊಳೆದು, ಹೊರಬಂದದ್ದನ್ನೂ ಅಳೆದು ಕಳೆಯಬೇಕು. ದ್ರಾವಣದಲ್ಲಿಟ್ಟು ತಂದ ಕವಾಟವನ್ನು ಹೊಲಿಯುವ ಮೊದಲು ಶಸ್ತ್ರಚಿಕಿತ್ಸೆಯ ಕೋಣೆಯಲ್ಲೇ ಉಪ್ಪುನೀರಿನಲ್ಲಿ ಮತ್ತೆ ಮತ್ತೆ ತೊಳೆಯುವುದೂ ಈ ಕಾರಣಕ್ಕೇ.

ಇನ್ನೊಂದು ಬಗೆಯಲ್ಲಿ ಹೋದದ್ದನ್ನು ಅಳೆಯದೆ ಉಳಿದದ್ದನ್ನು ಅಳೆಯುತ್ತಾರೆ. ನಾರುಗಳ ಮೇಲಿನ ಅಮೈನ್ ಕೊಂಡಿಗಳಲ್ಲಿ ಎಷ್ಟು ಇನ್ನೂ ಖಾಲಿ ಇವೆ? ನಿನ್‌ಹೈಡ್ರಿನ್ ಎಂಬ ವಸ್ತು ಹಾಕಿದರೆ ಖಾಲಿ ಕೊಂಡಿಗಳಿರುವ ಕಡೆ ನೇರಳೆ ಬಣ್ಣ ಏಳುತ್ತದೆ. ಪೊಲೀಸರು ಕಾಗದದ ಮೇಲಿನ ಬೆರಳಚ್ಚು ಎಬ್ಬಿಸಲು ಬಳಸುವುದೂ ಇದನ್ನೇ. ಬಣ್ಣ ಗಾಢವಾದಷ್ಟೂ ಹದ ಕಡಿಮೆ. ಮೂರನೆಯ ಪರೀಕ್ಷೆ ಚರ್ಮದ ಕೆಲಸದವರಿಂದಲೇ ಬಂದದ್ದು. ಅಂಗಾಂಶದ ಪಟ್ಟಿಯನ್ನು ನೀರಿನಲ್ಲಿ ತೂಗುಹಾಕಿ ನೀರನ್ನು ನಿಧಾನವಾಗಿ ಕಾಯಿಸುತ್ತಾರೆ. ಹದ ಮಾಡದ ಅಂಗಾಂಶ ಸುಮಾರು 65 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಒಮ್ಮೆಲೇ ಮುದುಡುತ್ತದೆ. ಗ್ಲುಟರಾಲ್ಡಿಹೈಡ್ ಹಿಡಿದದ್ದು 80 ಡಿಗ್ರಿ ದಾಟುವವರೆಗೂ ತಡೆಯುತ್ತದೆ.

ಇಷ್ಟೆಲ್ಲ ಅಳತೆಯಿಂದ ಒಟ್ಟಾರೆ ತಿಳಿಯುವುದೇನು? ಬಹುಪಾಲು ಕೊಂಡಿಗಳು ತುಂಬಿವೆ, ಎಲ್ಲವೂ ಅಲ್ಲ. ಮೊದಲ ಕೆಲವು ಗಂಟೆಗಳಲ್ಲಿ ಬೇಗಬೇಗ ಹೀರಿ ಆಮೇಲೆ ನಿಧಾನವಾಗುತ್ತದೆ. ಮೇಲ್ಮೈ ಮೊದಲು ಹದವಾಗಿ, ಒಳಕ್ಕೆ ಇಳಿಯುವುದನ್ನು ತಾನೇ ಅಡ್ಡಗಟ್ಟಬಹುದು. ಆದ್ದರಿಂದ ಬಂದ ಅಂಕಿ ಒಳಗು ಹೊರಗಿನ ಸರಾಸರಿ. ಯಾವ ಪರೀಕ್ಷೆಯೂ 'ಇಗೋ, ಈ ಬಿಂದುವಿನಲ್ಲಿ ಇದು ಹಂದಿಯದಾಗಿರುವುದು ನಿಂತಿತು' ಎಂದು ಹೇಳುವುದಿಲ್ಲ. ಅದನ್ನು ಹೇಳಲು ಆ ಪರೀಕ್ಷೆಗಳು ಹುಟ್ಟಿಯೂ ಇಲ್ಲ.

ನಿಜ ಹೇಳಬೇಕೆಂದರೆ ಅವು ಹೇಳುವುದು ಅದರ ಉಲ್ಟಾ. ಕೊಲಾಜನ್ ಕೊಲಾಜನ್ ಆಗಿಯೇ ಇದೆ. ಮೂರೆಳೆಯ ಹುರಿಯಂಥ ಅದರ ರಚನೆ ಹಾಗೇ ಇದೆ. ಅದು ಹಾಗೇ ಇರಲಿ ಎಂದೇ ಈ ಕಷ್ಟವೆಲ್ಲ. ಇನ್ನೂ ಒಂದು ಮಾತಿದೆ. ಹಂದಿ, ದನ ಮುಂತಾದ ಪ್ರಾಣಿಗಳ ಅಂಗಾಂಶದ ಮೇಲೆ ಆಲ್ಫಾ-ಗ್ಯಾಲ್ ಎಂಬ ಒಂದು ಬಗೆಯ ಸಕ್ಕರೆಯ ಗುರುತಿರುತ್ತದೆ. ಮನುಷ್ಯರಲ್ಲಿ ಅದಿಲ್ಲ. ನಮ್ಮೆಲ್ಲರ ರಕ್ತದಲ್ಲೂ ಅದರ ವಿರುದ್ಧದ ಪ್ರತಿಕಾಯಗಳಿವೆ. ಹದ ಮಾಡಿ ಮಾರಾಟಕ್ಕೆ ಬಂದ ಕವಾಟಗಳಲ್ಲೂ ಆ ಗುರುತು ಉಳಿದಿರುವುದನ್ನು ಸಂಶೋಧಕರು ಕಂಡಿದ್ದಾರೆ. ಮೈ ಅದನ್ನು ಪೂರ್ತಿ ಮರೆಯುವುದಿಲ್ಲ ಎಂದಾಯಿತು. ಖಾಲಾ ಫೋನಿನಲ್ಲಿ ಕೇಳಿದ ಪ್ರಶ್ನೆಯನ್ನು ಅವರ ರಕ್ತ ಅದಾಗಲೇ ಮೂರು ವರ್ಷದಿಂದ ಕೇಳುತ್ತಿತ್ತು. ಅದಕ್ಕೆ ಸಿಕ್ಕ ಉತ್ತರ 'ಅಲ್ಲವೇ ಅಲ್ಲ' ಎಂಬುದಾಗಿರಲಿಲ್ಲ.

ಹಾಗಾದರೆ ನಮ್ಮ ಹಿರಿಯ ಪಂಡಿತರು ಇಂಥ ಪ್ರಶ್ನೆಯನ್ನು ಹೇಗೆ ನೋಡಿದ್ದರು? ಫಿಕ್‌ಹ್‌ನಲ್ಲಿ ಇಸ್ತಿಹಾಲಾ ಎಂಬ ಮಾತಿದೆ. ಒಂದು ವಸ್ತು ತನ್ನ ಸ್ವರೂಪವನ್ನೇ ಕಳೆದುಕೊಂಡು ಬೇರೆಯಾಗುವುದು. ಮದ್ಯ ತಾನಾಗಿ ವಿನೆಗರ್ ಆದರೆ ಅದು ಶುದ್ಧ ಎಂಬುದರಲ್ಲಿ ಭಿನ್ನಮತವಿಲ್ಲ. ಹನಫಿ ಗ್ರಂಥಗಳಲ್ಲಿ ಇನ್ನೊಂದು ಉದಾಹರಣೆ ಬರುತ್ತದೆ. ಉಪ್ಪಿನ ಗಣಿಯಲ್ಲಿ ಕತ್ತೆಯೋ ಹಂದಿಯೋ ಬಿದ್ದು ಸತ್ತು, ಕಾಲಾಂತರದಲ್ಲಿ ಉಪ್ಪೇ ಆಗಿಬಿಟ್ಟರೆ? ಅದು ಉಪ್ಪು, ಶುದ್ಧ ಎಂಬುದು ಇಮಾಮ್ ಮುಹಮ್ಮದ್ ಅವರ ಅಭಿಪ್ರಾಯ. ನಮ್ಮ ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಅನುಸರಿಸುವ ಶಾಫಿ ಪಂಥ ಈ ಬಾಗಿಲನ್ನು ಇಷ್ಟು ಅಗಲ ತೆರೆಯುವುದಿಲ್ಲ. 1995ರಲ್ಲಿ ಕುವೈತ್‌ನಲ್ಲಿ ಇಸ್ಲಾಮೀ ವೈದ್ಯವಿಜ್ಞಾನ ಸಂಘಟನೆ ನಡೆಸಿದ ವಿಚಾರಗೋಷ್ಠಿ ಇಸ್ತಿಹಾಲಾವನ್ನು ಒಪ್ಪಿ, ನಿಷಿದ್ಧ ಪ್ರಾಣಿಯ ಎಲುಬು ಚರ್ಮಗಳಿಂದಾದ ಜೆಲಾಟಿನ್ ಶುದ್ಧ ಎಂದಿತು. ಅದನ್ನು ಒಪ್ಪದ ಪಂಡಿತರೂ ಇದ್ದಾರೆ.

ತೊಗಲು ಹದ ಮಾಡುವುದರ ಬಗ್ಗೆ ಬೇರೆಯದೇ ಚರ್ಚೆ ಇದೆ. ಸತ್ತ ಪ್ರಾಣಿಯ ತೊಗಲು ಹದ ಮಾಡಿದರೆ ಶುದ್ಧವಾಗುತ್ತದೆ ಎಂಬುದು ಪ್ರವಾದಿಯವರ(ಸ) ಮಾತಿನ ಆಧಾರದಲ್ಲಿ ಬಹಳಷ್ಟು ವಿದ್ವಾಂಸರ ನಿಲುವು. ಆದರೆ ಹನಫಿಗಳು ಎರಡನ್ನು ಹೊರಗಿಟ್ಟರು: ಹಂದಿಯದು ಮತ್ತು ಮನುಷ್ಯನದು. ಮೊದಲನೆಯದು ಅಶುದ್ಧಿಯ ಕಾರಣಕ್ಕೆ, ಎರಡನೆಯದು ಗೌರವದ ಕಾರಣಕ್ಕೆ. ಶಾಫಿಗಳು ನಾಯಿ ಮತ್ತು ಹಂದಿಯನ್ನು ಹೊರಗಿಟ್ಟರು. ಹಂದಿಯ ತೊಗಲೂ ಶುದ್ಧವಾಗುತ್ತದೆ ಎಂದ ಕೆಲವೇ ದನಿಗಳಿವೆ.

ಮನುಷ್ಯ ಚರ್ಮದ ಮಾತು ಬಂದಾಗ ಕನ್ನಡದವರಿಗೆ ಹರಳಯ್ಯನವರು ನೆನಪಾಗದಿರುವುದಿಲ್ಲ. ತಮ್ಮ ತೊಡೆಯ, ಹೆಂಡತಿ ಕಲ್ಯಾಣಮ್ಮನವರ ತೊಡೆಯ ಚರ್ಮ ತೆಗೆದು ಹದ ಮಾಡಿ ಬಸವಣ್ಣನವರಿಗೆ ಪಾದರಕ್ಷೆ ಮಾಡಿ ತಂದರು ಎಂದು ಶರಣರ ಕಥೆ ಹೇಳುತ್ತದೆ. ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆಯ ಮೇಲಿಟ್ಟುಕೊಂಡರು. ಹದವಾಗಿದೆ, ಇನ್ನೇನು, ಇದೀಗ ಬರೀ ಚರ್ಮ ಎಂದು ಅವರು ಹೇಳಬಹುದಿತ್ತು. ಹೇಳಲಿಲ್ಲ. ಎಷ್ಟೇ ಹದವಾದರೂ ಅದು ಯಾರದೆಂಬುದು ಅಳಿಯದು ಎಂಬುದು ಆ ಕಥೆಯ ಜೀವ.

ನಮಗೆ ಕಂಡದ್ದು ಇಷ್ಟು. ಕವಾಟ ಉಪ್ಪಿನ ಗಣಿಗೆ ಬಿದ್ದ ಪ್ರಾಣಿಯಲ್ಲ. ಅದು ಹದ ಮಾಡಿದ ತೊಗಲು. ಹೊಸ ವಸ್ತುವಾಗಿಲ್ಲ, ಇದ್ದದ್ದೇ ಗಟ್ಟಿಯಾಗಿದೆ. ಕನ್ನಡದಲ್ಲಿ ಪಾಕವೆಂದರೆ ಬೇಯಿಸಿ ಹದಕ್ಕೆ ತಂದದ್ದು, ಉರ್ದುವಿನಲ್ಲಿ ಪಾಕ್ ಎಂದರೆ ಶುದ್ಧ. ಪಾಕವಾದದ್ದೆಲ್ಲ ಪಾಕ್ ಆಗಿಬಿಡುತ್ತದೆ ಎಂದು ನಾವು ಖಾಲಾಗೆ ಹೇಳಿದ್ದೆವು. ಅಳತೆಯ ಪರೀಕ್ಷೆಗಳೇ ನಮ್ಮ ಮಾತನ್ನು ಸುಳ್ಳು ಮಾಡಿದವು.

ಇಲ್ಲಿ ಓದುಗರು ಕೇಳಬಹುದು: ಒಬ್ಬ ಮುದುಕಿಯ ಸಮಾಧಾನಕ್ಕಾಗಿ ಆಡಿದ ಮಾತು ಅಷ್ಟು ದೊಡ್ಡ ಸುಳ್ಳೇ? ಅವರ ಮನಸ್ಸು ಹಗುರವಾದರೆ ಸಾಲದೆ? ನಮ್ಮ ವಾದಕ್ಕೆ ಎದುರಾಗಿ ನಿಲ್ಲುವ ಮಾತು ಇದೇ, ಮತ್ತು ಇದರಲ್ಲಿ ಕರುಣೆ ಇದೆ. ಆದರೂ ನಾವು ಒಪ್ಪಲಾರೆವು. ಕಾರಣ ಹೇಳುತ್ತೇವೆ.

ಸೂರಾ ಬಕರದಲ್ಲಿ ನಿಷಿದ್ಧ ವಸ್ತುಗಳನ್ನು ಹೇಳಿದ ಮೇಲೆ ಕುರ್‌ಆನ್ ಅನಿವಾರ್ಯಕ್ಕೆ ಸಿಕ್ಕವರ ಮಾತನ್ನೂ ಹೇಳುತ್ತದೆ. ಬಯಸಿ ಮಾಡದೆ, ಮಿತಿ ಮೀರದೆ ಇದ್ದವರ ಮೇಲೆ ಪಾಪವಿಲ್ಲ ಎಂಬುದು ಅದರ ತಾತ್ಪರ್ಯ. ಹಸಿದವನಿಗೆ, ನಿನ್ನ ಮುಂದಿರುವುದು ಬೇರೇನೋ ಎಂದು ಅದು ಹೇಳುವುದಿಲ್ಲ. ನಿಷಿದ್ಧದ ಹೆಸರು ನಿಷಿದ್ಧವೆಂದೇ ಉಳಿಯುತ್ತದೆ, ಅವನ ಮೇಲಿನ ಭಾರ ಮಾತ್ರ ಇಳಿಯುತ್ತದೆ. ಅನಿವಾರ್ಯವನ್ನು ಅದರ ಅಳತೆಯಷ್ಟೇ ಅಳೆಯಬೇಕು ಎಂಬುದು ಫಿಕ್‌ಹ್‌ನ ಹೆಸರಾಂತ ಸೂತ್ರ. ಅಂದರೆ ಇಲ್ಲೂ ಒಂದು ತಕ್ಕಡಿ ಇದೆ. ಬೇರೆ ಕವಾಟ ಸಿಗುತ್ತಿತ್ತೆ? ಲೋಹದ್ದನ್ನು ಹಾಕಿದ್ದರೆ ಅಪಾಯ ಎಷ್ಟಿತ್ತು? ದನದ ಹೃದಯದ ಹೊದಿಕೆಯಿಂದ ಮಾಡಿದ್ದನ್ನು ಹಾಕಲು ಬರುತ್ತಿತ್ತೆ? ಇವನ್ನು ಯೋಚಿಸಿ ನಿರ್ಧರಿಸುವ ಹಕ್ಕು ಯಾರ ಎದೆ ಸೀಳುತ್ತಾರೋ ಅವರದು. 'ಅದು ಹಂದಿಯೇ ಅಲ್ಲ' ಎಂದುಬಿಟ್ಟರೆ ಈ ಪ್ರಶ್ನೆಗಳೇ ಏಳುವುದಿಲ್ಲ. ತಕ್ಕಡಿಯನ್ನೇ ಎತ್ತಿಟ್ಟಂತಾಯಿತು. ಕರುಣೆಯ ಮಾತು ಆ ಹಕ್ಕನ್ನು ಸದ್ದಿಲ್ಲದೆ ಕಿತ್ತುಕೊಂಡಿರುತ್ತದೆ.

ಈ ಮಾತು ಮುಸ್ಲಿಮರಿಗಷ್ಟೇ ಅಲ್ಲ. 1971ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮರಿಯನ್ ಯೊನೆಸ್ಕು ಎಂಬ ಶಸ್ತ್ರವೈದ್ಯರು ದನದ ಹೃದಯದ ಹೊದಿಕೆಯಿಂದ ಕವಾಟ ಮಾಡಿ ಹಾಕಿದರು. ಇಂದು ಆ ಬಗೆಯ ಕವಾಟಗಳು ನಮ್ಮ ದೇಶದಲ್ಲೂ ತಯಾರಾಗುತ್ತವೆ, ಗೋಪೂಜೆ ಮಾಡುವ ಮನೆಗಳ ಹೃದಯಗಳಲ್ಲೂ ಬಡಿಯುತ್ತವೆ. ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಜಗತ್ತಿನಲ್ಲಿ ಬಹುಪಾಲು ಬರುವುದು ಹಂದಿಯ ಕರುಳಿನ ಒಳಪದರದಿಂದ. ಕವಾಟ ಲೋಹದ್ದಾದರೂ ಇದು ತಪ್ಪುವುದಿಲ್ಲ. ಮೊಟ್ಟೆಯನ್ನೂ ಮುಟ್ಟದ ಜೈನ ಅಜ್ಜಿಗೂ ಇದನ್ನೇ ಕೊಡುವುದು. ಇವರಲ್ಲಿ ಯಾರೂ ಬೇಡವೆನ್ನಬೇಕು ಎಂದು ನಾವು ಹೇಳುತ್ತಿಲ್ಲ. ಬಹುಮಂದಿ ತಿಳಿದ ಮೇಲೂ ಒಪ್ಪುತ್ತಾರೆ ಎಂದೇ ನಮ್ಮ ನಂಬಿಕೆ. ತಿಳಿದು ಒಪ್ಪುವುದಕ್ಕೂ ತಿಳಿಯದೆ ಒಳಗಾಗುವುದಕ್ಕೂ ಅಂತರವಿದೆ.

'ಬದಲಾಗಿಬಿಟ್ಟಿದೆ' ಎಂಬ ನೆಪ ಇನ್ನು ಬಹಳ ದಿನ ನಡೆಯುವುದೂ ಇಲ್ಲ. 2022ರ ಜನವರಿಯಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ವೈದ್ಯರು ಡೇವಿಡ್ ಬೆನೆಟ್ ಎಂಬುವರಿಗೆ ಹಂದಿಯ ಇಡೀ ಹೃದಯವನ್ನೇ ಕಸಿ ಮಾಡಿದರು. ಅವರು ಸುಮಾರು ಎರಡು ತಿಂಗಳು ಬದುಕಿದರು. ಆ ಹಂದಿಯಲ್ಲಿ ವಂಶವಾಹಿಗಳ ಹತ್ತು ಮಾರ್ಪಾಟು ಮಾಡಿದ್ದರು. ಆಲ್ಫಾ-ಗ್ಯಾಲ್ ಗುರುತು ಮೂಡದಂತೆ ಮಾಡಿದ್ದೂ ಅವುಗಳಲ್ಲಿ ಒಂದು. ಆ ಕೆಲಸವನ್ನು ಮುನ್ನಡೆಸಿದವರಲ್ಲಿ ಪಾಕಿಸ್ತಾನ ಮೂಲದ ಡಾ. ಮುಹಮ್ಮದ್ ಮೊಹಿಯುದ್ದೀನ್ ಒಬ್ಬರು. ಅಲ್ಲಿ ಹದ ಮಾಡುವ ಮಾತೇ ಇಲ್ಲ. ಹಸಿ ಹೃದಯ, ಜೀವಂತ ಜೀವಕೋಶಗಳು. ನಾಳೆ ಅಂಥ ಹೃದಯ ನಮ್ಮ ಊರುಗಳಿಗೂ ಬಂದಾಗ ಇಸ್ತಿಹಾಲಾದ ಹೆಸರು ಹೇಳಲು ಬರುವುದಿಲ್ಲ. ಉಳಿಯುವುದು ಅನಿವಾರ್ಯ ಎಂಬ ಒಂದೇ ಒಂದು ನೇರ ಮಾತು. ಅದನ್ನು ಮುಚ್ಚುಮರೆಯಿಲ್ಲದೆ ಆಡುವುದನ್ನು ನಾವು ಈಗಲೇ ಕಲಿಯಬೇಕು.

ಅಳೆಯುವವರ ಬಗ್ಗೆಯೂ ಒಂದು ಮಾತು ಹೇಳಬೇಕು. ಯಾವುದೋ ದೇಶದ ಪ್ರಯೋಗಾಲಯದಲ್ಲಿ ಯಾರೋ ಒಬ್ಬರು ದ್ರಾವಣ ಅಳೆದು, ತಾನಾಗಿ ಕಡಿಮೆಯಾದದ್ದನ್ನು ಕಳೆದು, ತೊಳೆದ ನೀರನ್ನೂ ಅಳೆದು ಅಂಕಿ ಬರೆದಿರುತ್ತಾರೆ. ಆ ಎರಡನೆಯ ಪಾತ್ರೆಯನ್ನು ಇಡದೆಯೂ ವರದಿ ಬರೆಯಬಹುದಿತ್ತು, ಅಂಕಿ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಆ ಕವಾಟ ಯಾರ ಎದೆಗೆ ಹೋಗುತ್ತದೆಂದು ಅವರಿಗೆ ತಿಳಿಯದು. ಅವರನ್ನು ಖಾಲಾ ಎಂದೂ ನೋಡರು. ಆದರೂ ಅವರು ಸರಿಯಾಗಿ ಅಳೆದದ್ದರಿಂದ ಖಾಲಾ ಬದುಕಿದರು. ಅಳತೆಯಲ್ಲಿ ಕಡಿಮೆ ಮಾಡುವವರನ್ನು ಎಚ್ಚರಿಸಲು ಕುರ್‌ಆನಿನಲ್ಲಿ ಒಂದು ಸೂರಾವೇ ಇದೆ. ಧಾನ್ಯ ಅಳೆಯುವವರಿಗೆ ಹೇಳಿದ ಮಾತು ಆಲ್ಡಿಹೈಡ್ ಅಳೆಯುವವರಿಗೂ ಸಲ್ಲುತ್ತದೆ, ಆ ಅಳತೆಯನ್ನು ರೋಗಿಗೆ ತಿಳಿಸುವವರಿಗೂ ಸಲ್ಲುತ್ತದೆ. ಪ್ರಯೋಗಾಲಯದವರು ಗ್ರಾಮಿನ ಸಾವಿರದೊಂದು ಪಾಲಿನವರೆಗೂ ನಿಯತ್ತಿನಿಂದಿದ್ದು, ಹಾಸಿಗೆಯ ಪಕ್ಕದಲ್ಲಿ ನಿಂತ ನಾವು 'ಪೂರ್ತಿ ಬದಲಾಗಿದೆ' ಎಂದು ಮುಷ್ಟಿಗಟ್ಟಲೆ ಸೇರಿಸಿದರೆ ಹೇಗೆ?

2015ರ ರಮಝಾನಿಗೆ ಮುಂಚೆ ನಾವು ಖಾಲಾ ಮನೆಗೆ ಹೋದೆವು. ಫೋನಿನಲ್ಲಿ ಆಡುವ ಮಾತಲ್ಲ ಎನ್ನಿಸಿತ್ತು. ಚಹಾ ಕುಡಿದಾದ ಮೇಲೆ, "ಖಾಲಾ, ಅವತ್ತು ಗೊತ್ತಿಲ್ಲದೆ ಹೇಳಿಬಿಟ್ಟೆವು. ಅದು ಅದೇ. ತೊಗಲು ಹದ ಮಾಡಿದ ಹಾಗೆ ಹದ ಮಾಡಿದ್ದಾರೆ, ಅಷ್ಟೇ. ಗುನಾಹ್ ಇಲ್ಲ ಅಂದ ಮೌಲವಿ ಸಾಹೇಬರ ಮಾತು ಸರಿ. ಬದಲಾಗಿದೆ ಅಂದ ನಮ್ಮ ಮಾತು ಸರಿಯಲ್ಲ" ಎಂದೆವು.

ಖಾಲಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅದು ಅದೇ ಅಂತ ನನಗೆ ಮೊದಲೇ ಅನ್ನಿಸಿತ್ತು ಬೇಟಾ. ಎಲ್ಲರೂ ಅಲ್ಲ ಅಲ್ಲ ಅಂತ ಅವಸರ ಮಾಡಿದಾಗಲೇ ಭಯ ಆದದ್ದು. ಹೆಸರು ಹೇಳಲೂ ಆಗದಂಥದ್ದನ್ನು ನನ್ನೊಳಗೆ ಇಟ್ಟಿದ್ದಾರಾ ಅಂತ" ಎಂದರು. ಎದೆಯ ಮೇಲೆ ಕೈಯಿಟ್ಟುಕೊಂಡು, "ಅಲ್ಲಾಹನು ಅವಕಾಶ ಕೊಟ್ಟಿದ್ದಾನಲ್ಲ, ಅದು ಸಾಕು. ಇದಕ್ಕೂ ಒಂದು ಜೀವ ಇತ್ತಲ್ಲ, ಪಾಪ" ಎಂದು ಸೇರಿಸಿದರು. ಅಸರ್‌ನ ಬಾಂಗ್ ಆಯಿತು. ವುಝೂ ಮಾಡಲು ಎದ್ದರು.

ಆ ಕವಾಟ ಅವರಿಗೆ ಹನ್ನೊಂದು ವರ್ಷ ನಡೆಯಿತು. 2022ರಲ್ಲಿ ಅವರು ತೀರಿಕೊಂಡದ್ದು ಬೇರೆ ಕಾಯಿಲೆಯಿಂದ. ಅವರ ಕಡತ ಈಗ ನಮ್ಮ ಬಳಿ ಇದೆ. ಆ ದಿನ ನಾವು ಹೊರಡುವ ಮುಂಚೆ ಅವರು ಆ ಚೀಟಿಯನ್ನು ತಂದು ಮುಂದಿಟ್ಟು, ಇದರ ಹಿಂದೆ ಇದೇನೆಂದು ಉರ್ದುವಿನಲ್ಲೂ ಕನ್ನಡದಲ್ಲೂ ಬರೆದು ಕೊಡು, ಮನೆಯಲ್ಲಿ ಯಾರು ಓದಿದರೂ ತಿಳಿಯಲಿ ಎಂದಿದ್ದರು. ಎರಡು ಸಾಲು, ಎರಡು ಲಿಪಿಯಲ್ಲಿ ಬರೆದುಕೊಟ್ಟೆವು. ಶಸ್ತ್ರಚಿಕಿತ್ಸೆಗೆ ಮುಂಚೆ ಆಸ್ಪತ್ರೆಯವರು ಕೊಡಬೇಕಾಗಿದ್ದದ್ದೂ ಆ ಎರಡು ಸಾಲುಗಳನ್ನೇ.